ನಿಮ್ಮ ಭಾವಚಿತ್ರ

ದೆಹಲಿಯ ಕನ್ನಡ ಬಳಗದ ಕಾರ್ಯದರ್ಶಿ ಹೃಷಿಕೇಶ್ ಕಳಿಸಿದ ಸಂದೇಶ ಚಿಕ್ಕದಾಗಿತ್ತು. 'ಮೇಡಂ, ರಾಜ್ಯೋತ್ಸವಕ್ಕೆ ನಿಮ್ಮ ಗಮಕ ಕಾರ್ಯಕ್ರಮ ಖಚಿತವಾಗಿದೆ. ಆಹ್ವಾನ ಪತ್ರಿಕೆಗೆ ನಿಮ್ಮ ಹೊಸ ಭಾವಚಿತ್ರ ಬೇಕು. ಆದಷ್ಟು ಬೇಗ ಕಳಿಸಿಕೊಡಿ.'

ಧಾರಿಣಿ ಅದನ್ನು ಶಾಲೆಯ ಸ್ಟಾಫ್ ರೂಮಿನಲ್ಲಿ, ಏಳನೇ ತರಗತಿಯ ಚರಿತ್ರೆ ಉತ್ತರಪತ್ರಿಕೆಗಳ ರಾಶಿಯ ಮುಂದೆ ಕೂತು ಓದಿದಳು. ಅರ್ಥದಲ್ಲಿ ಗೊಂದಲವೇನೂ ಇರಲಿಲ್ಲ. ಹೋದ ವಾರವೇ ಅವನು ಫೋನ್ ಮಾಡಿ ಕೇಳಿದ್ದ. "ಈ ಸಲ ವಾಚನಾನೂ ನೀವೇ ಮಾಡಿಬಿಡಿ ಮೇಡಂ, ವ್ಯಾಖ್ಯಾನಾನೂ ನೀವೇ. ಸುಶೀಲಾ ಮೇಡಂಗೆ ಇನ್ನು ಹಾಡೋಕೆ ಆಗಲ್ಲ ಅಂತ ಎಲ್ಲರಿಗೂ ಗೊತ್ತು. ಪಾಪ." ಅವಳು ತಕ್ಷಣ ಹೂಂ ಎಂದಿದ್ದಳು. ಒಂದು ಕ್ಷಣ ತಡೆದಿದ್ದರೆ ಆ ಹೂಂ ಗಂಟಲಿನಿಂದ ಹೊರಡುತ್ತಿರಲಿಲ್ಲ ಎಂಬುದು ಅವಳಿಗೇ ಗೊತ್ತಿತ್ತು.

ಅಕ್ಕ ಸುಶೀಲಾಳಿಗೆ ಹೇಳುವುದೊಂದು ಬಾಕಿ ಇತ್ತು. ಬಾಯಿಬಿಟ್ಟು ಹೇಳುವ ಶಕ್ತಿ ಇಲ್ಲದೆ ಧಾರಿಣಿ ಆ ಸಂದೇಶವನ್ನೇ ಅಕ್ಕನಿಗೆ ಕಳಿಸಿದಳು. ಓದಿದರೆ ಅವಳಿಗೇ ತಿಳಿಯುತ್ತದೆ, ನಾಕು ಬೈಗುಳ ಬೈದು ಸುಮ್ಮನಾಗುತ್ತಾಳೆ, ಅಲ್ಲಿಗೆ ಮುಗಿಯಿತು ಎಂದುಕೊಂಡಳು.

ಸ್ವಲ್ಪ ಹೊತ್ತಿಗೆ ಅಕ್ಕನ ಫೋನು ಬಂತು. ಥೈರಾಯ್ಡ್ ಆಪರೇಷನ್ ಆದಂದಿನಿಂದ ಅವಳ ದನಿ ಒಣಗಿದ ಎಲೆಯ ಮೇಲೆ ಯಾರೋ ನಡೆದಂತೆ ಕೇಳುತ್ತಿತ್ತು.

"ಯಾವ ಸೀರೆ ಉಡೋಣ ಧಾರಿ?"

ಧಾರಿಣಿಯ ಕೈಯಲ್ಲಿದ್ದ ಕೆಂಪು ಪೆನ್ನು ಹಾಗೇ ನಿಂತಿತು.

"ಕೇಳಿಸ್ತಾ? ನಾನು ಆ ಹಸಿರು ಇಳಕಲ್ ತೆಗೆದಿಟ್ಟಿದೀನಿ. ನೀನು ಹಸಿರು ಉಡಬೇಡ, ಇಬ್ಬರೂ ಒಂದೇ ಥರ ಇದ್ದರೆ ಬ್ಯಾಂಡ್ ಸೆಟ್ಟಿನವರ ಹಾಗೆ ಕಾಣ್ತೀವಿ. ನೋಡಿದ್ಯಾ, ಆ ಹುಡುಗ ನನ್ನ ಮರೆತಿಲ್ಲ. ದನಿ ಹೋದ್ರೂ ಫೋಟೋ ಕೇಳಿದ್ದಾನೆ."

ಕನ್ನಡದಲ್ಲಿ ಗೌರವ ಕೊಟ್ಟರೆ ಒಬ್ಬರು ಇಬ್ಬರಾಗುತ್ತಾರೆ. ಹೃಷಿಕೇಶ್ ಬರೆದ 'ನಿಮ್ಮ' ಧಾರಿಣಿಯ ಮಟ್ಟಿಗೆ ಅವಳೊಬ್ಬಳದು. ದ್ವಾರಕಾದ ಫ್ಲಾಟಿನಲ್ಲಿ ಕೂತು ಓದಿದ ಸುಶೀಲಾಳಿಗೆ ಅದು ಇಬ್ಬರದು. ಅವಳು ಹಾಗೆ ಓದಿದ್ದರಲ್ಲಿ ತಪ್ಪೂ ಇರಲಿಲ್ಲ, ಇಷ್ಟು ವರ್ಷ ಬಳಗದವರು ಬರೆದ 'ನಿಮ್ಮ' ಎಲ್ಲವೂ ಇಬ್ಬರದೇ ಆಗಿತ್ತು.

"ಯಾವುದಾದ್ರೂ ಉಡು ಅಕ್ಕ," ಎಂದಳು ಧಾರಿಣಿ. "ಶನಿವಾರ ಹೋಗೋಣ."

ಅಪ್ಪಾಜಿ ಬಸವಲಿಂಗಪ್ಪನವರು ಕೇಂದ್ರ ಸರ್ಕಾರದ ಕಚೇರಿಯಲ್ಲಿ ದಿನವಿಡೀ ಕಡತಗಳ ಜೊತೆ ಇದ್ದು, ಸಂಜೆ ಕ್ವಾರ್ಟರ್ಸಿಗೆ ಬಂದು, ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು ಕಾವ್ಯ ತೆರೆಯುತ್ತಿದ್ದರು. ಹೊರಗೆ ಪಂಜಾಬಿ ಮಕ್ಕಳು ಕ್ರಿಕೆಟ್ ಆಡುತ್ತಿದ್ದರೆ ಒಳಗೆ ಷಟ್ಪದಿ ನಡೆಯುತ್ತಿತ್ತು. ಹಾಡುವಾಗ ಅವರು ಬೇರೆಯೇ ಮನುಷ್ಯರಾಗುತ್ತಿದ್ದರು. ಮನೆಯ ಚಿಲ್ಲರೆ ಸಿಟ್ಟೆಲ್ಲ ಆ ಹೊತ್ತಿಗೆ ಬಾಗಿಲಾಚೆ ಚಪ್ಪಲಿಯ ಜೊತೆ ಇರುತ್ತಿತ್ತು. ಗಮಕಕ್ಕೆ ಇಬ್ಬರು ಬೇಕು, ಪದ್ಯವನ್ನು ರಾಗದಲ್ಲಿ ಓದುವವರೊಬ್ಬರು, ಅರ್ಥ ಬಿಡಿಸಿ ಹೇಳುವವರೊಬ್ಬರು. ಹೆಣ್ಣುಮಕ್ಕಳಿಬ್ಬರಿದ್ದರು, ಹಂಚಿದರು. ದೊಡ್ಡವಳು ಓದಲಿ. ಚಿಕ್ಕವಳು ಕೇಳಲಿ, ಕೇಳಿದ್ದನ್ನು ಹೇಳಲಿ. ಧಾರಿಣಿಗೆ ಆಗ ಹಾಲುಹಲ್ಲು ಬೀಳುವ ವಯಸ್ಸು. ಕೇಳುವುದರಲ್ಲಿ ಅವಳಿಗೆ ಸುಖವೂ ಇತ್ತು. ಪದ್ಯ ಕಿವಿಗೆ ಬೀಳುವಾಗ ದೇವರು ಪಕ್ಕದ ಕೋಣೆಯಲ್ಲೇ ಇದ್ದಾನೆ ಅನ್ನಿಸುತ್ತಿತ್ತು. ಆದರೆ ಆ ಕೋಣೆಯ ಬಾಗಿಲನ್ನು ತಾನೇ ತೆಗೆಯಬಹುದೆಂದು ಅವಳಿಗೆ ಯಾರೂ ಹೇಳಲಿಲ್ಲ.

ಹಾಗೆ ಅವರು ಜೋಡಿಯಾದರು. ಮಯೂರ್ ವಿಹಾರದ ಸೊಸೈಟಿ ಹಾಲಿನಲ್ಲಿ, ಗುರುಗ್ರಾಮದ ಗಣೇಶೋತ್ಸವದಲ್ಲಿ, ನೋಯ್ಡಾದ ಯಾರದೋ ಗೃಹಪ್ರವೇಶದಲ್ಲಿ 'ಸೋದರಿಯರ ಗಮಕ' ಎಂದೇ ಹೆಸರು. ಜನ ಸುಶೀಲಾಳ ಕಂಠಕ್ಕೆ ತಲೆದೂಗುತ್ತಿದ್ದರು, ಧಾರಿಣಿ ಅರ್ಥ ಹೇಳತೊಡಗಿದರೆ ನೀರು ಕುಡಿಯಲು ಏಳುತ್ತಿದ್ದರು.

ಶನಿವಾರ ಮಧ್ಯಾಹ್ನ ಅಕ್ಕ ತಂಗಿ ರಾಜೇಂದ್ರ ಪ್ಲೇಸ್ ಮೆಟ್ರೋ ಸ್ಟೇಷನ್ನಿನಲ್ಲಿ ಸೇರಿದರು. ದ್ವಾರಕಾದಿಂದ ಅಕ್ಕ, ಮಯೂರ್ ವಿಹಾರದಿಂದ ತಂಗಿ. ದೀಪಾವಳಿಗೆ ಮುಂಚೆಯೇ ಆಕಾಶ ಹೊಗೆಯಿಂದ ಹಳೇ ಪಾತ್ರೆಯ ತಳದಂತಾಗಿತ್ತು. ಸುಶೀಲಾ ಮಾಸ್ಕ್ ಹಾಕಿದ್ದಳು. ಮಾಸ್ಕಿನ ಮೇಲೆ ಕಾಡಿಗೆ ಹಚ್ಚಿದ ಕಣ್ಣು, ಅದರ ಮೇಲೆ ಹಣೆಯ ತುಂಬ ವಿಭೂತಿ. ಇಳಕಲ್ ಸೀರೆಯ ಸೆರಗಿಗೆ ಪಿನ್ ಹಾಕಿ, ಮೆಟ್ರೋದ ನೂಕುನುಗ್ಗಲಿನಲ್ಲಿ ಕೆಡಬಾರದೆಂದು ಮೇಲೊಂದು ಶಾಲು ಹೊದ್ದಿದ್ದಳು.

"ಇಡೀ ದೆಹಲೀಲಿ ನಿನಗೆ ಇದೇ ಸ್ಟುಡಿಯೋ ಸಿಕ್ಕಿತಾ?" ಎಂದಳು.

"ಹೃಷಿಕೇಶ್ ಹೇಳಿದ್ದು. ನಮ್ಮ ಕಡೆ ಹುಡುಗಿ. ಇಬ್ಬರಿಗೂ ನಡುಮಧ್ಯ ಆಗತ್ತೆ ಅಂತ..."

"ನೀನು ಸೊರಗಿದೀಯ."

"ಪರೀಕ್ಷೆ ಪೇಪರು ಅಕ್ಕ."

"ಪೌಡರ್ ತಂದಿದೀನಿ. ಹಚ್ಕೋ. ಪಕ್ಕದಲ್ಲಿ ನೀನು ಹೀಗೆ ಕೂತರೆ ನಾನು ನಿನ್ನ ಊಟ ಕಿತ್ಕೊಂಡು ತಿಂದ ಹಾಗೆ ಕಾಣತ್ತೆ."

ಓಲ್ಡ್ ರಾಜಿಂದರ್ ನಗರದ ಆ ಬೀದಿಯಲ್ಲಿ ಗೋಡೆ ಕಾಣದಷ್ಟು ಕೋಚಿಂಗಿನ ಬೋರ್ಡುಗಳಿದ್ದವು. ಬೋರ್ಡುಗಳ ತುಂಬ ಪಾಸಾದವರ ಮುಖಗಳು. ಅವುಗಳ ಕೆಳಗೆ ಇನ್ನೂ ಪಾಸಾಗದವರು ಚಹಾ ಕುಡಿಯುತ್ತಾ ನಿಂತಿದ್ದರು. ಮೂರನೇ ಮಹಡಿಗೆ ಕಿರಿದಾದ ಮೆಟ್ಟಿಲು. ಸುಶೀಲಾ ಪ್ರತಿ ತಿರುವಿನಲ್ಲೂ ನಿಂತು ಮಂಡಿಯನ್ನು ಬೈದಳು.

ಸ್ಟುಡಿಯೋ ಎಂದರೆ ಒಂದೇ ಕೋಣೆ. ಒಂದು ಗೋಡೆಗೆ ಬಿಳಿ ಪರದೆ, ಎರಡು ದೀಪ, ಒಂದು ಲ್ಯಾಪ್‌ಟಾಪ್, ಮೊಳೆಗೆ ನೇತುಹಾಕಿದ ಒಂದು ಕಪ್ಪು ಕೋಟು ಮತ್ತು ಕಟ್ಟಿಯೇ ಇಟ್ಟ ಟೈ. ಪ್ರಕೃತಿ ಎಂಬ ಆ ಹುಡುಗಿ ಚಿತ್ರದುರ್ಗದವಳು. ಐಎಎಸ್ ಆಗಲು ಬಂದು, ಬರೆದು ಬರೆದು ಬಿಟ್ಟು, ಈಗ ಐಎಎಸ್ ಆಗಲು ಬಂದವರ ಫೋಟೋ ತೆಗೆಯುತ್ತಿದ್ದಳು.

"ಬನ್ನಿ ಆಂಟಿ, ಕೂತ್ಕೊಳಿ. ಆ ಕೋಟು ನೋಡಿ ಹೆದರಬೇಡಿ, ಅದು ಹುಡುಗರಿಗೆ. ಈ ಗಲ್ಲಿಯ ಅರ್ಧ ಜನ ಅದೇ ಕೋಟಲ್ಲಿ ಫಾರ್ಮ್ ತುಂಬಿದ್ದಾರೆ. ಇಲ್ಲಿ ನನ್ನ ಕೆಲಸವೇ 'ನಗಬೇಡಿ, ಕಿವಿ ಕಾಣಬೇಕು' ಅನ್ನೋದು. ಭಾವಚಿತ್ರ ಅಂತ ಹೆಸರು, ಭಾವ ಇದ್ದರೆ ರಿಜೆಕ್ಟ್. ನೀವು ಬಂದಿದ್ದು ನನಗೆ ಹಬ್ಬ." ಮಾತಾಡುತ್ತಲೇ ದೀಪ ಸರಿಮಾಡಿದಳು. "ಅಚ್ಛಾ, ಯಾರದು ಫೋಟೋ?"

"ಇಬ್ಬರದು," ಎಂದಳು ಸುಶೀಲಾ.

"ಮೊದಲು ಜೊತೆಗೆ ತೆಗೀರಿ," ಎಂದು ಧಾರಿಣಿ ಅವಸರದಲ್ಲಿ ಸೇರಿಸಿದಳು. "ಆಮೇಲೆ ಬೇರೆ ಬೇರೆ. ಎಲ್ಲಾ ಇರಲಿ."

ಅವಳ ಯೋಜನೆ ಅಷ್ಟೇ ಇತ್ತು. ಎಲ್ಲ ತೆಗೆಸುವುದು, ಹೃಷಿಕೇಶನಿಗೆ ತನ್ನದೊಂದನ್ನು ಕಳಿಸುವುದು, ಆಹ್ವಾನ ಪತ್ರಿಕೆ ಅಚ್ಚಾದ ಮೇಲೆ ಅಕ್ಕ ಕೇಳಿದರೆ ಅವರೇ ಹಾಗೆ ಮಾಡಿದರು ಎನ್ನುವುದು. ಒಳ್ಳೆಯ ಯೋಜನೆಯಲ್ಲ ಎಂದು ಗೊತ್ತಿತ್ತು. ಒಳ್ಳೆಯದನ್ನು ಹುಡುಕುವಷ್ಟು ಕಸುವು ಉಳಿದಿರಲಿಲ್ಲ.

ಸುಶೀಲಾ ಶಾಲು ತೆಗೆದು, ಮಾಸ್ಕ್ ಬಿಚ್ಚಿ, ಕುರ್ಚಿಯ ನಡುಮಧ್ಯ ಕೂತು ಬೆನ್ನು ನೆಟ್ಟಗೆ ಮಾಡಿದಳು. ಧಾರಿಣಿ ಸ್ಟೂಲನ್ನು ಎಳೆದುಕೊಂಡು ಅವಳ ಎಡಕ್ಕೆ, ಒಂದು ಗೇಣು ಹಿಂದೆ ಕೂತಳು. ವೇದಿಕೆಯ ಮೇಲೆ ಹಾಗೆಯೇ ಕೂರುತ್ತಿದ್ದರು. ಅವಳ ಮೈ ತಾನಾಗಿ ಅಕ್ಕನ ಕಡೆ ತಿರುಗಿತು.

"ಸ್ಟೂಲ್ ಮೇಲಿನ ಆಂಟಿ, ನನ್ನ ನೋಡಿ."

ಧಾರಿಣಿ ನೋಡಿದಳು. ಕ್ಲಿಕ್ ಆಗುವಷ್ಟರಲ್ಲಿ ಕಣ್ಣು ಜಾರಿತು.

"ನನ್ನ ನೋಡಿ ಆಂಟಿ. ಅವರನ್ನಲ್ಲ. ಅವರು ಎಲ್ಲೂ ಓಡಿಹೋಗಲ್ಲ."

ಮತ್ತೆ ನೋಡಿದಳು. ಮತ್ತೆ ಜಾರಿತು. ಪ್ರಕೃತಿ ಸ್ಟೂಲನ್ನು ಮುಂದಕ್ಕೆ ತಂದಳು, ಗಲ್ಲ ಹಿಡಿದು ತಿರುಗಿಸಿದಳು, ಕ್ಯಾಮೆರಾದ ಪಕ್ಕ ಬೆರಳೆತ್ತಿ ಇದನ್ನೇ ನೋಡಿ ಎಂದಳು. ಪ್ರತಿ ಸಲವೂ ಕೊನೆಯ ಗಳಿಗೆಯಲ್ಲಿ ಧಾರಿಣಿಯ ಕಣ್ಣು ಅಕ್ಕನ ದವಡೆಗೆ ಹೋಗಿ ನಿಲ್ಲುತ್ತಿತ್ತು. ಸುಶೀಲಾ ಮಾತ್ರ ಅಲುಗಾಡದೆ, ಸಭೆಯನ್ನು ನೋಡುವಂತೆ ಕ್ಯಾಮೆರಾವನ್ನು ನೋಡುತ್ತಿದ್ದಳು. ಪಕ್ಕದಲ್ಲಿ ಏನಾಗುತ್ತಿದೆ ಎಂದು ಅವಳು ತಿರುಗಿ ನೋಡಲಿಲ್ಲ. ಯಾವತ್ತೂ ನೋಡಿದವಳಲ್ಲ.

"ಬನ್ನಿ, ನೀವೇ ನೋಡಿ ಒಂದು ಸಲ," ಎಂದು ಪ್ರಕೃತಿ ಸೋತು ಲ್ಯಾಪ್‌ಟಾಪ್ ತಿರುಗಿಸಿದಳು.

ಸುಶೀಲಾ ಕನ್ನಡಕ ಹಾಕಿಕೊಂಡು ಬಗ್ಗಿದಳು. ಮೊದಲು ತನ್ನನ್ನು ನೋಡಿಕೊಂಡಳು. "ಕುತ್ತಿಗೆ ಗಾಯ ಕಾಣಲ್ಲ, ವಾಸಿ," ಎಂದಳು. ಆಮೇಲೆ ಬೆರಳಿನಿಂದ ಒಂದೊಂದೇ ಚಿತ್ರ ಸರಿಸುತ್ತಾ ಹೋದಳು. ಸರಿಸುವ ಬೆರಳು ನಿಧಾನವಾಯಿತು. ಎಲ್ಲದರಲ್ಲೂ ತಂಗಿಯ ಮುಖದ ಒಂದು ಪಕ್ಕ ಮಾತ್ರ, ಎಲ್ಲದರಲ್ಲೂ ಆ ಕಣ್ಣು ತನ್ನ ಮೇಲೆ. ಅದರಲ್ಲಿ ಪ್ರೀತಿ ಇರಲಿಲ್ಲವೆಂದಲ್ಲ, ಆದರೆ ಅದಕ್ಕಿಂತ ಮುಂದೆ ಬೇರೆ ಏನೋ ಕೂತಿತ್ತು.

"ಇದೇನೇ ಇದು," ಎಂದಳು. "ಬಸ್ಸಿಗೆ ಕಾಯೋರ ಹಾಗೆ ನೋಡ್ತಿದ್ದೀಯಲ್ಲ ನನ್ನ?"

"ರೂಢಿ ಅಕ್ಕ. ನೀನು ಎಲ್ಲಿ ನಿಲ್ಲಿಸ್ತೀಯ ಅಂತ ನೋಡ್ತಾ ಇರಬೇಕಿತ್ತಲ್ಲ. ಆಗ ತಾನೇ ನನ್ನ ಸರದಿ."

"ಈಗೇನು ನಾನು ಹಾಡ್ತಿದ್ದೀನಾ?"

"ಇಲ್ಲ."

"ಮತ್ತೆ?"

ಧಾರಿಣಿ ಲ್ಯಾಪ್‌ಟಾಪಿನಲ್ಲಿದ್ದ ತನ್ನ ಮುಖ ನೋಡಿದಳು. ಅಷ್ಟು ದಣಿದ ಹೆಂಗಸನ್ನು ಮೆಟ್ರೋದಲ್ಲಿ ಕಂಡಿದ್ದರೆ ಎದ್ದು ಸೀಟು ಬಿಟ್ಟುಕೊಡುತ್ತಿದ್ದಳು.

"ಅಕ್ಕ, ಅವರು ಕೇಳಿದ್ದು ನನ್ನ ಫೋಟೋ."

"ನಿಮ್ಮ ಅಂತ ಬರೆದಿದ್ದಾನಲ್ಲ."

"ನನಗೆ ಮರ್ಯಾದೆ ಕೊಟ್ಟು ಬರೆದಿದ್ದಾನೆ."

ಸುಶೀಲಾ ಕನ್ನಡಕ ತೆಗೆದಳು. "ಓ," ಎಂದಳು. "ನಿನಗೆ."

ಅಷ್ಟರಲ್ಲಿ ಬಾಗಿಲು ತಟ್ಟಿ ಒಬ್ಬ ಹುಡುಗಿ ಇಣುಕಿದಳು. ಫಾರ್ಮಿನ ಕೊನೇ ದಿನವಂತೆ, ದೀದೀ ಪ್ಲೀಸ್ ಎಂದಳು. ಪ್ರಕೃತಿ ಇಬ್ಬರ ಮುಖ ನೋಡಿ, ಬಿಡುವು ಸಿಕ್ಕಿತೆಂಬಂತೆ ಅವಳನ್ನು ಒಳಗೆ ಕರೆದಳು. ಅಕ್ಕ ತಂಗಿ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತರು. ಎದುರಿಗೆ ಆ ಹುಡುಗಿ ತನ್ನ ಹೆಸರೂ ತಾರೀಖೂ ಬರೆದ ಸ್ಲೇಟನ್ನು ಎದೆಗೆ ಹಿಡಿದು, ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿ, ಉಸಿರು ಬಿಗಿಹಿಡಿದು ನಿಂತಳು.

"ಯಾವಾಗಿಂದ ಗೊತ್ತು?" ಸುಶೀಲಾಳ ದನಿ ಪಿಸುಮಾತಿಗಿಂತ ಸ್ವಲ್ಪ ಮೇಲಿತ್ತು. ಸಿಟ್ಟು ಬಂದರೂ ಅದಕ್ಕಿಂತ ಮೇಲೆ ಏರುತ್ತಿರಲಿಲ್ಲ.

"ಹೋದ ವಾರ."

"ಹಾಗಾದ್ರೆ ನನ್ನ ಯಾಕೆ ಸಿಂಗಾರ ಮಾಡಿಸಿ ಕರೆಸಿದೆ? ಈ ಮಂಡಿ ಇಟ್ಕೊಂಡು ಮೂರು ಮಹಡಿ ಹತ್ತಿದೀನಿ."

"ಹೇಳೋಕೆ ಧೈರ್ಯ ಬರಲಿಲ್ಲ."

"ಅರ್ಥ ಹೇಳೋದೇ ನಿನ್ನ ಕಸುಬು. ಇಷ್ಟು ಹೇಳೋಕೆ ಬರಲಿಲ್ವಾ?" ಸುಶೀಲಾ ಸೆರಗಿನ ಪಿನ್ ಮುಟ್ಟಿ ನೋಡಿಕೊಂಡಳು. "ವಾಚನ ಮಾಡ್ತೀಯಾ ನೀನು? ಆ ಗಂಟಲಲ್ಲಿ?"

"ಹೂಂ."

"ಅಪ್ಪಾಜಿ ನಿನಗೆ ಅರ್ಥ ಕೊಟ್ಟಿದ್ರು."

"ಕೊಟ್ಟಿದ್ರು. ಆದ್ರೆ ನನ್ನ ಗಂಟಲು ಒಂದು ಸಲಾನೂ ಕೇಳಲಿಲ್ಲ ಅಕ್ಕ. ಕೇಳಿ, ಇವಳಿಗೆ ಬರಲ್ಲ ಅಂದಿದ್ರೆ ಬೇರೆ." ಧಾರಿಣಿಯ ಮಾತಿನಲ್ಲಿ ಸಿಟ್ಟಿಗಿಂತ ಆಯಾಸ ಹೆಚ್ಚಿತ್ತು. "ನನಗೆ ಸಾಕಾಗಿದೆ. ನೀನು ಓದಿದ್ದಕ್ಕೆ ಅರ್ಥ ಹೇಳಿ ಹೇಳಿ ಸಾಕಾಗಿದೆ. ಒಂದು ಸಲ ನಾನೇ ಓದಬೇಕು. ಚೆನ್ನಾಗಿರದಿದ್ರೂ ಪರವಾಗಿಲ್ಲ."

"ನನಗೇನು ಸಾಕಾಗಿರಲಿಲ್ವಾ? ಒಂದು ಪದ್ಯಕ್ಕೆ ನೀನು ಅಷ್ಟುದ್ದ ಹೇಳ್ತಿದ್ದೆ. ವೇದಿಕೆ ಮೇಲೆ ಆಕಳಿಸೋ ಹಾಗಿಲ್ಲ, ಎದ್ದು ಹೋಗೋ ಹಾಗಿಲ್ಲ. ಸುಮ್ಮನೆ ನಗುಮುಖ ಹೊತ್ಕೊಂಡು ಕೂತಿರ್ತಿದ್ದೆ."

ಧಾರಿಣಿಗೆ ನಗು ಬಂತು. ಸುಶೀಲಾ ನಗಲಿಲ್ಲ.

"ಇನ್ನೂ ಸ್ವಲ್ಪ ದಿನ ಕಾಯಬಹುದಿತ್ತು," ಎಂದಳು. "ದನಿ ಬರತ್ತೆ ಅಂದಿದ್ದಾರೆ ಡಾಕ್ಟರು."

ಡಾಕ್ಟರು ಹಾಗೆ ಅಂದಿರಲಿಲ್ಲ. ಆ ದಿನ ಧಾರಿಣಿಯೂ ಜೊತೆಯಲ್ಲಿದ್ದಳು. ಬರಬಹುದು, ಬರದೆಯೂ ಇರಬಹುದು, ಹಾಡುವ ದನಿಯ ಆಸೆ ಇಟ್ಟುಕೊಳ್ಳಬೇಡಿ ಎಂದಿದ್ದರು. ಇಬ್ಬರೂ ಅದನ್ನು ಕೇಳಿದ್ದರು. ಧಾರಿಣಿ ಅಕ್ಕನನ್ನು ತಿದ್ದಲಿಲ್ಲ, ಕಾಯುತ್ತೇನೆ ಎಂದೂ ಹೇಳಲಿಲ್ಲ. ಆ ಎರಡನೆಯದನ್ನು ಅವಳು ಹೇಳಲಿಲ್ಲವೆಂಬುದು ಸುಶೀಲಾಳಿಗೆ ಕೇಳಿಸಿತು.

ಸ್ಲೇಟಿನ ಹುಡುಗಿಯ ಕೆಲಸ ಮುಗಿಯಿತು. ಪ್ರಕೃತಿ ಅನುಮಾನಿಸುತ್ತಾ ಇತ್ತ ತಿರುಗಿದಳು. "ಚಲೋ... ಮುಂದೆ ಹೇಗೆ ಆಂಟಿ?"

"ಇವಳೊಬ್ಬಳದೇ ತೆಗಿ," ಎಂದಳು ಸುಶೀಲಾ. "ಅದೇ ಬೇಕಾಗಿರೋದು."

ಧಾರಿಣಿ ಎದ್ದು ಹೋಗಿ ಕುರ್ಚಿಯಲ್ಲಿ ಕೂತಳು. ಅಷ್ಟು ಅಗಲದ ಕುರ್ಚಿಯಲ್ಲಿ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಈಗ ಕಣ್ಣು ಜಾರಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಕ್ಯಾಮೆರಾವನ್ನು ನೆಟ್ಟಗೆ ನೋಡಿದಳು, ನೋಡುತ್ತಿದ್ದಂತೆ ಮುಖ ಮರಗಟ್ಟಿತು. ಪ್ರಕೃತಿ ಒಂದಷ್ಟು ತೆಗೆದು ತಲೆ ಅಲ್ಲಾಡಿಸಿದಳು.

"ಆಂಟಿ, ಬೇಜಾರು ಮಾಡ್ಕೋಬೇಡಿ, ಇದು ಫಾರ್ಮಿಗೆ ಅಂಟಿಸೋ ಫೋಟೋ ಆಯ್ತು. ಸ್ಲೇಟೊಂದು ಕೊಟ್ಟರೆ ಮುಗೀತು. ನೀವು ಹಾಡ್ತೀರಂತಲ್ಲ, ಒಂದು ಪದ್ಯ ಹೇಳಿ. ನಾನು ನನ್ನ ಪಾಡಿಗೆ ತೆಗೀತಿರ್ತೀನಿ."

ಇಲ್ಲಿ, ಈಗ, ಅಕ್ಕನ ಎದುರು. ಧಾರಿಣಿ ಬೆಂಚಿನ ಕಡೆ ನೋಡಿದಳು. ಸುಶೀಲಾ ಮೊಳೆಯ ಮೇಲಿನ ಕೋಟನ್ನು ನೋಡುತ್ತಿದ್ದಳು.

ಧಾರಿಣಿ ಮನಸ್ಸಿನಲ್ಲೇ ಲಿಂಗವನ್ನು ನೆನೆದು, ಕಣ್ಣು ಮುಚ್ಚಿ ತೆರೆದು, ಶುರು ಮಾಡಿದಳು. ಅಪ್ಪಾಜಿ ದಿನಾ ಮೊದಲು ಹೇಳುತ್ತಿದ್ದ ಸ್ತುತಿಪದ್ಯ. ದನಿ ತೆಳ್ಳಗಿತ್ತು, ಮೇಲಿನ ಸ್ವರದಲ್ಲಿ ಸಣ್ಣಗೆ ಸೀಳಿತು. ರಾಗ ಅಕ್ಕನದೇ, ಅಕ್ಕ ಎಲ್ಲಿ ಎಳೆಯುತ್ತಿದ್ದಳೋ ಅಲ್ಲೇ ಎಳೆದಳು. ಒಂದನೇ ಸಾಲು, ಎರಡನೇ ಸಾಲು, ಮೂರನೆಯದು. ಮೂರನೆಯದರ ಕೊನೆಗೆ ಬಂದು ನಿಲ್ಲಿಸಿದಳು.

ಕೋಣೆಯಲ್ಲಿ ಯಾರೂ ಅರ್ಥ ಹೇಳಲಿಲ್ಲ. ಕೆಳಗೆ ಬೀದಿಯಲ್ಲಿ ಯಾವುದೋ ಗಾಡಿ ಹಾರ್ನ್ ಹೊಡೆಯುತ್ತಿತ್ತು. ಧಾರಿಣಿ ಬಾಯಿ ಅರ್ಧ ತೆರೆದು, ಯಾರೋ ಬಂದು ತನ್ನನ್ನು ಆ ಸಾಲಿನ ತುದಿಯಿಂದ ಇಳಿಸಲಿ ಎಂಬಂತೆ ಕೂತಿದ್ದಳು.

"ಅಲ್ಲಿ ಯಾಕೆ ನಿಲ್ಲಿಸ್ತೀಯ?" ಬೆಂಚಿನಿಂದ ಒಣಗಿದ ದನಿ ಬಂತು.

"ನೀನು ನಿಲ್ಲಿಸ್ತಿದ್ದೆ."

"ಮಾತು ಅಲ್ಲಿ ಮುಗಿಯಲ್ಲ ಧಾರಿ. ಕ್ರಿಯಾಪದ ಇರೋದು ಮುಂದಿನ ಸಾಲಲ್ಲಿ. ಅಪ್ಪಾಜಿ ಒಬ್ಬರೇ ಹೇಳುವಾಗ ಒಂದೇ ಉಸಿರಲ್ಲಿ ದಾಟಿಬಿಡ್ತಿದ್ರು. ನೀನು ಪಕ್ಕದಲ್ಲಿ ಬಾಯಿ ತೆರ್ಕೊಂಡು ಕಾಯ್ತಾ ಇರ್ತಿದ್ದೆ, ನಿನಗೆ ಜಾಗ ಬಿಡಬೇಕಲ್ಲ ಅಂತ ನಾನು ಅಲ್ಲಿ ಮುರೀತಿದ್ದೆ. ಎಷ್ಟು ಕಷ್ಟ ಗೊತ್ತಾ ಅಲ್ಲಿ ಮುರಿದು ಮತ್ತೆ ಎತ್ತೋದು." ಅಷ್ಟು ಮಾತಿಗೇ ಅವಳಿಗೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ, "ಈಗ ಯಾರೂ ಕಾಯ್ತಿಲ್ಲ. ದಾಟು," ಎಂದಳು.

ಇಷ್ಟು ವರ್ಷ ಅಕ್ಕ ತನ್ನ ಕಡೆ ತಿರುಗಿಯೂ ನೋಡಿಲ್ಲ ಎಂದುಕೊಂಡಿದ್ದಳು ಧಾರಿಣಿ. ನೋಡದೆಯೂ ಗೊತ್ತಿತ್ತೆಂದರೆ ಸಂತೋಷಪಡಬೇಕೋ, ಗೊತ್ತಿದ್ದೂ ಒಮ್ಮೆಯೂ ಹೇಳಲಿಲ್ಲವೆಂದು ನೋಯಬೇಕೋ ಅವಳಿಗೆ ಅರ್ಥವಾಗಲಿಲ್ಲ. ಎರಡಕ್ಕೂ ತ್ರಾಣ ಬೇಕಿತ್ತು. ಮತ್ತೆ ಮೊದಲಿನಿಂದ ಎತ್ತಿಕೊಂಡಳು. ಮೂರನೇ ಸಾಲಿನ ಕೊನೆಯಲ್ಲಿ ಉಸಿರು ಇನ್ನೇನು ತೀರಿತು ಅನ್ನುವಾಗ ನಾಲ್ಕನೆಯದಕ್ಕೆ ಕಾಲಿಟ್ಟಳು. ಅಲ್ಲಿ ದನಿ ಒಡೆಯಿತು, ಒಡೆದುಕೊಂಡೇ ಆರನೇ ಸಾಲಿನವರೆಗೆ ಹೋಯಿತು.

"ಸಿಕ್ಕಿತು," ಎಂದಳು ಪ್ರಕೃತಿ.

ಆ ಚಿತ್ರದಲ್ಲಿ ಧಾರಿಣಿಯ ಕುತ್ತಿಗೆಯ ನರ ಉಬ್ಬಿತ್ತು. ಬಾಯಿ ಚೆನ್ನಾಗಿ ಕಾಣುತ್ತಿರಲಿಲ್ಲ. ಆದರೆ ಮುಖ ಪೂರ್ತಿ ಇತ್ತು.

ಸುಶೀಲಾ ಅದನ್ನು ಬಹಳ ಹೊತ್ತು ನೋಡಿದಳು. "ಅಪಸ್ವರ ಫೋಟೋದಲ್ಲಿ ಕೇಳಿಸಲ್ಲ, ಅಷ್ಟು ಪುಣ್ಯ," ಎಂದಳು. ಆಮೇಲೆ, "ನಾನು ಆ ದಿನ ಬರಲ್ಲ. ಮೊದಲನೇ ಸಾಲಲ್ಲಿ ಕೂತು ಚಪ್ಪಾಳೆ ಹೊಡೆಯೋದು ನನ್ನ ಕೈಲಿ ಆಗಲ್ಲ. ಬಾ ಅಂತ ಕರೀಬೇಡ."

"ಕರೆಯಲ್ಲ," ಎಂದಳು ಧಾರಿಣಿ.

ಕರೆಯಬಹುದೇನೋ ಎಂದು ಸುಶೀಲಾ ಒಂದು ಗಳಿಗೆ ನಿಂತಂತಿತ್ತು. ಆಮೇಲೆ ಶಾಲು ಹೊದ್ದು ಬಾಗಿಲ ಕಡೆ ನಡೆದಳು. "ಜೋಡಿ ಫೋಟೋಗಳನ್ನ ಏನು ಮಾಡಲಿ ಆಂಟಿ?" ಎಂದು ಪ್ರಕೃತಿ ಕೇಳುವಷ್ಟರಲ್ಲಿ ಇಬ್ಬರೂ ಹೊಸ್ತಿಲು ದಾಟಿದ್ದರು.

ಧಾರಿಣಿ ಮೆಟ್ಟಿಲ ತಿರುವಿನಲ್ಲಿ ನಿಂತು ತನ್ನ ಚಿತ್ರವನ್ನು ಹೃಷಿಕೇಶನಿಗೆ ಕಳಿಸಿದಳು. ಕಳಿಸುವಾಗ ಸುಶೀಲಾ ಪಕ್ಕದಲ್ಲೇ ಕಂಬಿ ಹಿಡಿದು ಇಳಿಯುತ್ತಿದ್ದಳು. ತಂಗಿ ಚಾಚಿದ ಕೈಯನ್ನು ನೋಡಿದರೂ ಹಿಡಿಯಲಿಲ್ಲ.

ಕೆಳಗೆ ಬೀದಿ ಇನ್ನಷ್ಟು ಮಸುಕಾಗಿತ್ತು. ಇ-ರಿಕ್ಷಾಗಳು ಒಂದರ ಹಿಂದೊಂದು ನಿಲ್ಲದೆ ಹೋಗುತ್ತಿದ್ದವು. ಸುಶೀಲಾ ರೂಢಿಯಂತೆ ಕೈಯೆತ್ತಿ ಕರೆದಳು. ಬರೀ ಗಾಳಿ ಹೊರಟಿತು. ಮೊದಲೆಲ್ಲ ಅವಳು ಒಂದು ಸಲ ಕರೆದರೆ ಬೀದಿಯ ಆ ತುದಿಯ ಗಾಡಿಯೂ ನಿಲ್ಲುತ್ತಿತ್ತು. ಅವಳು ಕೈ ಇಳಿಸಿ, ಮಾಸ್ಕನ್ನು ಮೂಗಿನ ಮೇಲಕ್ಕೆ ಎಳೆದುಕೊಂಡಳು.

"ಭಯ್ಯಾ," ಎಂದಳು ಧಾರಿಣಿ. ಗಾಡಿ ಹೋಯಿತು.

"ಭಯ್ಯಾ!" ಈ ಸಲ ಹೊಟ್ಟೆಯಿಂದ ಬಂತು. ಗಾಡಿ ಕಿರ್ರೆಂದು ನಿಂತಿತು. ಚಹಾ ಅಂಗಡಿಯ ಮುಂದಿದ್ದ ಹುಡುಗರೆಲ್ಲ ಗ್ಲಾಸು ಹಿಡಿದುಕೊಂಡೇ ತಿರುಗಿ ನೋಡಿದರು.

ಸುಶೀಲಾ ಗಾಡಿಯ ಕಂಬಿ ಹಿಡಿದು, ಒಂದು ಕಾಲು ಮೇಲಿಟ್ಟು, ಮಂಡಿಯ ನೋವಿಗೆ ಮುಖ ಕಿವಿಚಿದಳು. "ಅಷ್ಟು ಜೋರು ಬೇಡ," ಎಂದಳು. "ಅಲ್ಲಿ ಮೈಕ್ ಇರತ್ತೆ."

ಧಾರಿಣಿ ಅವಳನ್ನು ಹಿಂದಿನಿಂದ ಸೊಂಟಕ್ಕೆ ಕೈಕೊಟ್ಟು ಮೇಲೆ ಹತ್ತಿಸಿದಳು.